ನರದ ಗುಳಿಗೆ, ಬಿ12, ಮಲ್ಟಿವಿಟಮಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಜನ ಮಾತಿನಲ್ಲಿ, ಪತ್ರದಲ್ಲಿ, ಔಷಧ ಅಂಗಡಿಯ ಮುಂದೆ ನಿಂತು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇವೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಓದುವಾಗ ನಿಮ್ಮ ಗುಳಿಗೆಯ ಸ್ಟ್ರಿಪ್ ಕೈಯಲ್ಲಿರಲಿ. ಹಿಂಬದಿಯ ಸಣ್ಣಕ್ಷರಕ್ಕೆ ಕನ್ನಡಕವೂ ಬೇಕಾದೀತು. ಇಲ್ಲಿನ ಪ್ರಮಾಣಗಳು ತಿಳಿವಳಿಕೆಗಾಗಿ. ನಿಮ್ಮ ಡೋಸ್ ಎಷ್ಟೆಂಬುದು ನಿಮ್ಮನ್ನು ನೋಡಿದ ವೈದ್ಯರ ಮಾತು.

## ಮೊದಲು ತಿಳಿಯಬೇಕಾದವು

"ಕೈಕಾಲು ಜುಮ್ ಜುಮ್ ಅಂತಾವ್ರಿ. ಇದು ನರದ ವೀಕ್ನೆಸ್ ಏನ್ರಿ?"

ಇರಬಹುದು, ಇರಲಿಕ್ಕೂ ಇಲ್ಲ. ಜುಮುಗುಡುವುದು ಲಕ್ಷಣ, ರೋಗದ ಹೆಸರಲ್ಲ. ಎಲ್ಲಿ, ಯಾವ ಹೊತ್ತಿಗೆ, ಒಂದು ಕಡೆಯೋ ಎರಡು ಕಡೆಯೋ ಎಂಬುದರಲ್ಲೇ ಅರ್ಧ ಉತ್ತರವಿದೆ. ಎರಡೂ ಪಾದಗಳ ಬೆರಳಿನಿಂದ ಶುರುವಾಗಿ ತಿಂಗಳುಗಟ್ಟಲೆ ನಿಧಾನಕ್ಕೆ ಮೇಲೇರಿ, ಕಾಲುಚೀಲ ಹಾಕುವಷ್ಟು ಜಾಗ ಮರಗಟ್ಟಿದರೆ ಸಕ್ಕರೆ ಕಾಯಿಲೆ, ಬಿ12 ಕೊರತೆ, ಕುಡಿತ, ಥೈರಾಯ್ಡ್, ಕಿಡ್ನಿ ತೊಂದರೆ ಇವುಗಳನ್ನು ಹುಡುಕಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು, ಕೈ ಝಾಡಿಸಿದರೆ ಹಗುರಾಗುವುದಾದರೆ ಬಹುತೇಕ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ. ಸೊಂಟದಿಂದ ಒಂದೇ ಕಾಲಿಗೆ ಸೆಳೆತ ಇಳಿದರೆ ಬೆನ್ನುಮೂಳೆಯ ಕಡೆ ನೋಡಬೇಕು. ಚರ್ಮದ ಮೇಲೆ ಬಣ್ಣ ತಿಳಿಯಾದ ಮಚ್ಚೆ ಎದ್ದು, ಅಲ್ಲಿ ಸೂಜಿಮೊನೆ ತಾಗಿದರೂ ಗೊತ್ತಾಗದಿದ್ದರೆ ಕುಷ್ಠರೋಗವಿರಬಹುದು; ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತ ಔಷಧವಿದೆ, ಬೇಗ ಹೋದರೆ ಪೂರ್ತಿ ವಾಸಿಯಾಗುತ್ತದೆ. ಇಷ್ಟರಲ್ಲಿ ವಿಟಮಿನ್ ಗುಳಿಗೆಯಿಂದ ಗುಣವಾಗುವುದು ವಿಟಮಿನ್ ಕೊರತೆಯಿಂದ ಬಂದದ್ದು ಮಾತ್ರ.

"ನರದ ಗುಳಿಗಿ ಅಂತ ಮೆಡಿಕಲ್‌ನ್ಯಾಗ ಕೊಡ್ತಾರಲ್ಲ, ಅದರಾಗ ಏನಿರ್ತೈತಿ?"

ಒಂದೇ ಹೆಸರಿನಡಿ ಬೇರೆ ಬೇರೆ ಸಾಮಾನು ಇರುತ್ತದೆ. ಹೆಚ್ಚಿನವುಗಳಲ್ಲಿ ಮೀಥೈಲ್‌ಕೋಬಾಲಮಿನ್ ಎಂಬ ಬಿ12 ರೂಪ 500ರಿಂದ 1500 ಮೈಕ್ರೋಗ್ರಾಂ ಇರುತ್ತದೆ. ಅದರ ಜೊತೆ ಆಲ್ಫಾ ಲಿಪೋಯಿಕ್ ಆಮ್ಲ (ಸಾಮಾನ್ಯವಾಗಿ 100 ಮಿ.ಗ್ರಾಂ), ಫೋಲಿಕ್ ಆಮ್ಲ, ಬಿ6 ಅಂದರೆ ಪೈರಿಡಾಕ್ಸಿನ್, ಬಿ1 ಅಥವಾ ಅದರ ಕೊಬ್ಬಿನಲ್ಲಿ ಕರಗುವ ರೂಪವಾದ ಬೆನ್‌ಫೋಟಿಯಮಿನ್, ಕೆಲವದರಲ್ಲಿ ವಿಟಮಿನ್ ಡಿ3, ಬಯೋಟಿನ್, ಕ್ರೋಮಿಯಂ, ಸತು. ಇನ್ನು ಕೆಲವದರಲ್ಲಿ ಪ್ರಿಗಾಬಾಲಿನ್, ಗ್ಯಾಬಾಪೆಂಟಿನ್ ಅಥವಾ ನಾರ್‌ಟ್ರಿಪ್ಟಿಲಿನ್ ಸೇರಿರುತ್ತದೆ. ಈ ಮೂರೂ ವಿಟಮಿನ್ ಅಲ್ಲ, ನರದ ನೋವಿನ ಔಷಧಗಳು. ಪಕ್ಕದ ಮನೆಯವರಿಗೆ ಹಿಡಿಸಿದ ಗುಳಿಗೆ ನಿಮಗೆ ಯಾಕೆ ತಲೆ ತಿರುಗಿಸಿತು ಎಂಬುದಕ್ಕೆ ಬಹಳ ಸಲ ಕಾರಣ ಇದೇ. ಗುಳಿಗೆಯ ಬಣ್ಣ, ಅಂಗಡಿಯವರು ಹೇಳುವ ಹೆಸರು ಎರಡನ್ನೂ ಬಿಟ್ಟು ಹಿಂಬದಿಯ ಪಟ್ಟಿ ಓದಿ.

"ಬಿ ಕಾಂಪ್ಲೆಕ್ಸ್ ಬ್ಯಾರೆ, ಬಿ12 ಬ್ಯಾರೆ ಏನ್ರಿ? ಎರಡೂ ಒಂದ ಅಲ್ಲೇನು?"

ಒಂದೇ ಅಲ್ಲ. ಬಿ ಕಾಂಪ್ಲೆಕ್ಸ್ ಎಂದರೆ ಬಿ ಗುಂಪಿನ ಹಲವು ವಿಟಮಿನ್‌ಗಳ ಮಿಶ್ರಣ. ಅದರಲ್ಲಿ ಬಿ12 ಬಹಳ ಸಲ 15 ಮೈಕ್ರೋಗ್ರಾಂ ಅಷ್ಟೇ. ಬಿ12 ಕೊರತೆಗೆ ಕೊಡುವ ಗುಳಿಗೆಯಲ್ಲಿ 1500 ಇದ್ದರೆ ನೂರು ಪಟ್ಟು ವ್ಯತ್ಯಾಸ. ಬಾಯಿ ಹುಣ್ಣಿಗೆ ಕೊಟ್ಟ ಬಿ ಕಾಂಪ್ಲೆಕ್ಸನ್ನು ವರ್ಷವಿಡೀ ನುಂಗಿಯೂ ಬಿ12 ಏರದೇ ಇರುವುದು ಇದರಿಂದಲೇ.

"ಗುಳಿಗಿ ತಗೊಂಡ್ರ ಮೂತ್ರ ಹಳದಿ ಹೋಗ್ತದ. ಕಿಡ್ನಿಗೆ ಏನರ ಆಗ್ತದೇನು?"

ಇಲ್ಲ. ಅದು ಬಿ2, ಅಂದರೆ ರೈಬೋಫ್ಲೇವಿನ್‌ನ ಬಣ್ಣ. ಹೆಚ್ಚಾದದ್ದು ಹೊರಹೋಗುತ್ತದೆ. ಗುಳಿಗೆ ನಿಲ್ಲಿಸಿದ ಮೇಲೂ ಹಳದಿ ಉಳಿದು, ಕಣ್ಣಿನ ಬಿಳಿಭಾಗವೂ ಹಳದಿಯಾದರೆ ಮಾತು ಬೇರೆ, ಅದು ಕಾಮಾಲೆ.

"ಮೀನಖಂಡದಾಗ ನರ ಉಬ್ಬಿ ನೀಲಿ ಆಗ್ಯಾವ್ರಿ, ಇದಕ್ಕ ಬಿ12 ನಡಿತೈತೇನು?"

ನಡೆಯುವುದಿಲ್ಲ. ಉಬ್ಬಿರುವುದು ರಕ್ತನಾಳ; ಬಿ12 ಕೆಲಸ ಮಾಡುವುದು ಸಂವೇದನೆ ಒಯ್ಯುವ ನರದ ಮೇಲೆ. ಬಹಳ ಹೊತ್ತು ನಿಂತು ದುಡಿಯುವವರಲ್ಲಿ ಇದು ಹೆಚ್ಚು. ಬಿಗಿ ಕಾಲುಚೀಲ, ಮಲಗಿದಾಗ ಕಾಲು ಎತ್ತರಕ್ಕಿಡುವುದು, ಬೇಕಿದ್ದರೆ ಶಸ್ತ್ರಚಿಕಿತ್ಸಾ ತಜ್ಞರು. ಗೋಡೆಗಳ ಮೇಲೆ 'ನರ ದೌರ್ಬಲ್ಯ' ಎಂದು ಬರೆದು ಗುಪ್ತ ಸಮಸ್ಯೆಗೆ ಔಷಧ ಮಾರುವವರಿಗೂ ಈ ಗುಳಿಗೆಗೂ ಸಂಬಂಧವಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು.

"ಗುಳಿಗಿ ನೋಡಿಕೋತ ಕುಂದ್ರಬಾರದು, ದವಾಖಾನಿಗೆ ಓಡಬೇಕು ಅನ್ನೋದು ಯಾವಾಗ?"

ಜೋಮು ಅಥವಾ ಶಕ್ತಿಹೀನತೆ ತಾಸುಗಳಲ್ಲಿ, ದಿನಗಳಲ್ಲಿ ಏರಿದಾಗ. ಮುಖ ಸೊಟ್ಟಗಾಗಿ, ಒಂದು ಕೈ ಅಥವಾ ಕಾಲು ಬಿದ್ದು, ಮಾತು ತೊದಲಿದರೆ ಪಾರ್ಶ್ವವಾಯು. ಹೆಪ್ಪು ಕರಗಿಸುವ ಸೂಜಿ ಕೊಡಲು ಇರುವ ಅವಧಿ ನಾಲ್ಕೂವರೆ ತಾಸು ಮಾತ್ರ, 108ಕ್ಕೆ ಕರೆ ಮಾಡಿ. ಎರಡೂ ಕಾಲಿನಿಂದ ಶುರುವಾದ ಬಲಹೀನತೆ ಎರಡು ಮೂರು ದಿನದಲ್ಲಿ ತೊಡೆ, ಕೈಗೆ ಏರಿದರೆ ಅದು ಉಸಿರಾಟಕ್ಕೂ ಬರಬಹುದು. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಅಂದೇ ರಾತ್ರಿ ಹೋಗಬೇಕು. ಈ ಮೂರರಲ್ಲಿ ಯಾವುದಕ್ಕೂ ಬಿ12 ಸೂಜಿ ಹಾಕಿಸಿಕೊಂಡು "ನಾಳೆ ನೋಡೋಣ" ಎನ್ನುವಂತಿಲ್ಲ.

## ಊಟ, ಪಥ್ಯ

"ನಮ್ಮ ಮನ್ಯಾಗ ಮೊಟ್ಟಿ, ಮಾಂಸ ಮುಟ್ಟಂಗಿಲ್ಲ. ಹಾಲು ಮಸರು ಉಂಡ್ರ ಬಿ12 ಸಾಲ್ತದೇನ್ರಿ?"

ಲೆಕ್ಕ ಹಾಕಿ ನೋಡಿ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೋಗ್ರಾಂ. 100 ಮಿ.ಲೀ. ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂ ಆಸುಪಾಸು, ಮೊಸರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹಾಲು ಮೊಸರು ಎರಡೂ ಸೇರಿ ದಿನಕ್ಕೆ ಅರ್ಧ ಲೀಟರ್ ಹೊಟ್ಟೆಗೆ ಹೋಗಬೇಕು. ನಾಲ್ಕು ಸಲ ಚಹಾ ಕುಡಿದರೆ ಅದರಲ್ಲಿ ಹೋಗುವ ಹಾಲು ಸ್ವಲ್ಪ, ಅದೂ ಕುದಿದು ಕುದಿದು ಬಿ12 ಒಂದಿಷ್ಟು ಕಳೆದುಕೊಂಡಿರುತ್ತದೆ. ನೀರು ಮಜ್ಜಿಗೆಯಲ್ಲಿ ಮೊಸರಿನ ಪಾಲು ಎಷ್ಟೆಂದು ಮಾಡಿದವರಿಗೇ ಗೊತ್ತು. ಮನೆಯಲ್ಲಿ ಎಮ್ಮೆ ಕಟ್ಟಿದ್ದರೂ ಹಾಲೆಲ್ಲ ಡೇರಿಗೆ ಹೋಗಿ, ಮನೆಯ ಹೆಂಗಸರ ಪಾಲಿಗೆ ಚಹಾ ಮಾತ್ರ ಉಳಿಯುವುದು ಹಳ್ಳಿಗಳಲ್ಲಿ ಹೊಸದಲ್ಲ. ಕೊರತೆ ಮೊದಲು ಕಾಣುವುದೂ ಅವರಲ್ಲೇ.

ಕಾಳು, ಸೊಪ್ಪು, ಶೇಂಗಾ, ಅಗಸಿ, ಗುರೆಳ್ಳು ಇವುಗಳಲ್ಲಿ ಪೋಷಕಾಂಶ ಬೇಕಾದಷ್ಟಿದೆ, ಬಿ12 ಇಲ್ಲ. ಸ್ಪಿರುಲಿನಾದಲ್ಲಿ ಇದೆ ಎಂದು ಮಾರುತ್ತಾರೆ; ಅದರಲ್ಲಿರುವುದು ಹೆಚ್ಚಾಗಿ ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ರೂಪ. ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುವುದರಿಂದ ಊಟದಲ್ಲಿ ಕಡಿಮೆಯಾದರೂ ಲಕ್ಷಣ ಕಾಣಲು ವರ್ಷಗಳೇ ಹಿಡಿಯುತ್ತವೆ. "ಹುಟ್ಟಿದಾಗಿನಿಂದ ಇದೇ ಊಟ, ಈಗ್ಯಾಕೆ ಕಡಿಮೆ ಆಯಿತು" ಎಂಬ ಪ್ರಶ್ನೆಗೆ ಉತ್ತರ ಅದು. ವಯಸ್ಸಾದಂತೆ ಹೊಟ್ಟೆಯ ಆಮ್ಲ ತಗ್ಗಿ, ಊಟದ ಬಿ12 ಹೀರುವುದೂ ಕುಗ್ಗುತ್ತದೆ.

"ಬರೇ ಜೋಳದ ರೊಟ್ಟಿ ತಿಂದ್ರ ನರ ಸೋಲತಾವು ಅಂತಾರ, ಖರೇ ಏನ್ರಿ?"

ಇದರಲ್ಲಿ ಹಳೆಯದೊಂದು ಸತ್ಯವಿದೆ. ದಖ್ಖನ್ ಸೀಮೆಯಲ್ಲಿ ಜೋಳವನ್ನೇ ನೆಚ್ಚಿದ ಬಡ ಕೂಲಿಕಾರರಲ್ಲಿ ಪೆಲಾಗ್ರಾ ಕಾಣುತ್ತಿತ್ತು. ಅದು ಬಿ3, ಅಂದರೆ ನಯಾಸಿನ್ ಕೊರತೆ: ಬಿಸಿಲು ಬೀಳುವ ಕುತ್ತಿಗೆ, ಕೈಗಳ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮನಸ್ಸಿನ ಗೊಂದಲ. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚಿರುವುದು ಇದಕ್ಕೆ ಕಾರಣವಿರಬಹುದೆಂದು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಟಿಯ 1960ರಲ್ಲಿ ವಾದಿಸಿದರು. ಆದರೆ ಅಂದಿನ ಊಟ ಜೋಳ, ಖಾರ, ಉಪ್ಪು ಅಷ್ಟೇ. ರೊಟ್ಟಿಯ ಜೊತೆ ಕಾಳುಪಲ್ಯ, ಝುಣಕ, ಶೇಂಗಾ ಹಿಂಡಿ, ಪುಂಡಿಪಲ್ಯ, ಗಟ್ಟಿ ಮೊಸರು ಇದ್ದರೆ ಆ ಭಯ ಬೇಡ. ಇಂದು ಪೆಲಾಗ್ರಾ ಕಂಡರೆ ಸಾಮಾನ್ಯವಾಗಿ ಹಿಂದೆ ವರ್ಷಗಳ ಕುಡಿತ ಇರುತ್ತದೆ. ಜೋಳ ಬಿಟ್ಟು ಬಿಳಿ ಅಕ್ಕಿಗೆ ಹೊರಳಿದರೆ ಲಾಭವಂತೂ ಇಲ್ಲ: ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬಿ1 ಬಹುತೇಕ ಹೋಗಿರುತ್ತದೆ.

"ನಾವು ಕಟ್ಟಾ ಶಾಖಾಹಾರಿಗಳು. ಈ ಕ್ಯಾಪ್ಸೂಲ್ ನಮಗ ನಡಿತಾವೇನ್ರಿ?"

ಔಷಧದ ಬಿ12 ಮಾಂಸದಿಂದ ತೆಗೆದದ್ದಲ್ಲ, ಬ್ಯಾಕ್ಟೀರಿಯಾ ಬೆಳೆಸಿ ಹುದುಗಿಸಿ ತಯಾರಿಸಿದ್ದು. ತಕರಾರು ಇರುವುದು ಹೊರಕವಚದಲ್ಲಿ. ಮೆತ್ತಗಿನ ಹೊಳಪಿನ ಸಾಫ್ಟ್‌ಜೆಲ್ ಸಾಮಾನ್ಯವಾಗಿ ಜಿಲೆಟಿನ್, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ಬಂದದ್ದು. ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಕುರಿ ಕೊಲ್ಲುವುದಿಲ್ಲ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಬೇಡವೆಂದರೆ "ಕ್ಯಾಪ್ಸೂಲ್ ಬೇಡ, ಟ್ಯಾಬ್ಲೆಟ್ ಕೊಡ್ರಿ" ಎಂದು ಕೇಳಿ. ಬಾಯಲ್ಲಿ ಕರಗುವ ಗುಳಿಗೆಯೂ ಸಿಗುತ್ತದೆ. ಸಪ್ಲಿಮೆಂಟ್ ಡಬ್ಬಿಯಾದರೆ ಹಸಿರು ಗುರುತು ನೋಡಿ.

## ಟೆಸ್ಟ್, ಡೋಸ್, ಸೂಜಿ

"ಮೊದಲ ರಕ್ತ ತಪಾಸಣಿ ಮಾಡಿಸಬೇಕೋ, ಗುಳಿಗಿ ಚಾಲೂ ಮಾಡಬೇಕೋ?"

ಮೊದಲು ರಕ್ತ, ಆಮೇಲೆ ಗುಳಿಗೆ. ನಾಲ್ಕು ದಿನ ಬಿ12 ನುಂಗಿದರೂ ರಕ್ತದ ಅಂಕಿ ಏರಿಬಿಡುತ್ತದೆ. ಆಮೇಲೆ ಕೊರತೆ ಇತ್ತೋ ಇಲ್ಲವೋ ಹೇಳುವುದು ಕಷ್ಟ. ಬಿ12 ಜೊತೆ ರಕ್ತದ ಪೂರ್ಣ ಎಣಿಕೆ, ಸಕ್ಕರೆ (ಎಚ್‌ಬಿಎ1ಸಿ), ಟಿಎಸ್‌ಎಚ್ (ಥೈರಾಯ್ಡ್), ಕ್ರಿಯಾಟಿನಿನ್ (ಕಿಡ್ನಿ) ಮಾಡಿಸಿದರೆ ಸಾಮಾನ್ಯ ಕಾರಣಗಳೆಲ್ಲ ಒಂದೇ ಸಲಕ್ಕೆ ಗೊತ್ತಾಗುತ್ತವೆ. ಕೂದಲಿಗೆಂದು 5 ಅಥವಾ 10 ಮಿ.ಗ್ರಾಂ ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಅದು ಲ್ಯಾಬ್ ಯಂತ್ರದ ಲೆಕ್ಕ ತಪ್ಪಿಸಿ ಥೈರಾಯ್ಡ್ ವರದಿಯನ್ನು ಸುಳ್ಳು ಮಾಡುತ್ತದೆ.

"ಬಿ12 ರಿಪೋರ್ಟ್ 240 ಬಂದೈತಿ. ಲ್ಯಾಬ್‌ನವರು ನಾರ್ಮಲ್ ಅಂದ್ರು, ಕಾಲು ಮಾತ್ರ ಉರಿತಾವ."

ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗೆ ಕೊರತೆ, 300ಕ್ಕಿಂತ ಮೇಲೆ ಬಹುತೇಕ ಸಾಕಷ್ಟು, ನಡುವಿನದು ಗಡಿ. ನಿಮ್ಮದು ಗಡಿಯಲ್ಲಿದೆ. ಇಂಥಲ್ಲಿ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮೆಲೋನಿಕ್ ಆಮ್ಲದ ಪರೀಕ್ಷೆ ನೆರವಾಗುತ್ತದೆ. ಜೀವಕೋಶಕ್ಕೆ ಬಿ12 ಸಾಲದಿದ್ದರೆ ಇವೆರಡೂ ಏರುತ್ತವೆ. ಎರಡನೆಯದು ದುಬಾರಿ, ಹೋಮೋಸಿಸ್ಟೀನ್ ಆದೀತು. ಲಕ್ಷಣ ಸ್ಪಷ್ಟವಿದ್ದರೆ ಅದಕ್ಕೂ ಕಾಯದೆ ಚಿಕಿತ್ಸೆ ಶುರುಮಾಡುವ ವೈದ್ಯರೂ ಇದ್ದಾರೆ, ಅದು ತಪ್ಪಲ್ಲ. "ಹಿಮೋಗ್ಲೋಬಿನ್ ಚಲೋ ಐತಿ, ಹಂಗಾರ ಬಿ12 ಇರಬೇಕು" ಎಂದುಕೊಳ್ಳಬೇಡಿ. ರಕ್ತ ಸರಿಯಿದ್ದೂ ನರ ಕೆಡಬಹುದು. ಬಿ12 ಕೊರತೆಯಲ್ಲಿ ಕೆಂಪು ರಕ್ತಕಣ ದೊಡ್ಡದಾಗಬೇಕು. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಅದು ಕಣವನ್ನು ಚಿಕ್ಕದು ಮಾಡುವುದರಿಂದ ಗಾತ್ರ ನಡುವೆ ನಿಂತು ಎರಡೂ ಮುಚ್ಚಿಹೋಗುತ್ತವೆ.

"ದಿನಕ್ಕ ಎರಡು ಮೈಕ್ರೋಗ್ರಾಂ ಸಾಕು ಅಂತೀರಿ, ಗುಳಿಗ್ಯಾಗ 1500 ಯಾಕ?"

ಕರುಳಿನ ಬಾಗಿಲು ಸಣ್ಣದು. ಹೊಟ್ಟೆಯಲ್ಲಿ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನು ಒಂದು ಸಲಕ್ಕೆ ಸುಮಾರು 1.5ರಿಂದ 2 ಮೈಕ್ರೋಗ್ರಾಂ ಮಾತ್ರ ಒಳಗೆ ಬಿಡುತ್ತದೆ. ಅದರಾಚೆ ನುಂಗಿದ್ದರಲ್ಲಿ ಶೇಕಡಾ 1ರಷ್ಟು ತಾನಾಗಿ ಜಿನುಗಿ ಸೇರುತ್ತದೆ. 1500 ನುಂಗಿದರೆ ರಕ್ತಕ್ಕೆ ಸೇರುವುದು 15ರ ಆಸುಪಾಸು. ಕೊರತೆ ತುಂಬಲು ಅಷ್ಟು ಬೇಕು. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದವರಿಗೂ ಇದೇ ದಾರಿಯಿಂದ ಗುಳಿಗೆ ಕೆಲಸ ಮಾಡುತ್ತದೆ. ನಾಲಿಗೆ ಕೆಳಗೆ ಇಟ್ಟು ಕರಗಿಸಿದರೆ ಹೆಚ್ಚು ಹತ್ತುತ್ತದೆ ಎಂಬುದಕ್ಕೆ ಆಧಾರವಿಲ್ಲ, ನುಂಗಿದ್ದಕ್ಕೂ ಅದಕ್ಕೂ ಫಲ ಒಂದೇ.

"ಮೀಥೈಲ್ ಚಲೋನೋ ಸಯನೋ ಚಲೋನೋ?"

ಕೊರತೆ ತುಂಬಲು ಎರಡೂ ಸಾಕು. ಸಯನೋಕೋಬಾಲಮಿನ್ ಅಗ್ಗ, ಬೇಗ ಕೆಡುವುದಿಲ್ಲ. ದೇಹ ಅದನ್ನು ಬೇಕಾದ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ಮೀಥೈಲ್ ಬೆಳಕಿಗೆ ಕೆಡುತ್ತದೆ. ಆ ಕೆಂಪು ಸೂಜಿಮದ್ದು ಕಂದು ಬಣ್ಣದ ಗಾಜಿನಲ್ಲಿ ಬರುವುದು ಅದಕ್ಕೇ. ಗುಳಿಗೆಯನ್ನು ಸ್ಟ್ರಿಪ್‌ನಿಂದ ಬಿಡಿಸಿ ಪಾರದರ್ಶಕ ಡಬ್ಬಿಗೆ ಹಾಕಿ ಕಿಟಕಿಯಲ್ಲಿಡಬೇಡಿ. ವಿಜಯಪುರದ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟ ಔಷಧವನ್ನು ನೆಚ್ಚುವಂತಿಲ್ಲ.

"ಸೂಜಿ ಮಾಡಿಸಿದ್ರ ಲಗೂನ ಹತ್ತತೈತಿ ಅಂತಾರ. ಗುಳಿಗಿ ಸಾಲೂದಿಲ್ಲೇನು?"

ಲಕ್ಷಣ ಹಗುರ ಇದ್ದು, ಕೊರತೆ ಊಟದಿಂದ ಬಂದಿದ್ದರೆ ದಿನಕ್ಕೆ 1000ರಿಂದ 2000 ಮೈಕ್ರೋಗ್ರಾಂ ಗುಳಿಗೆ ಸಾಕು. ನಡಿಗೆ ಓಲಾಡುತ್ತಿದ್ದರೆ, ಕಣ್ಣು ಮುಚ್ಚಿ ನಿಂತರೆ ಬೀಳುವಂತಾದರೆ, ಮರೆವು ಬಂದಿದ್ದರೆ, ರಕ್ತ ಬಹಳ ಕಡಿಮೆಯಿದ್ದರೆ, ಕರುಳಿನ ಶಸ್ತ್ರಚಿಕಿತ್ಸೆ ಆಗಿದ್ದರೆ ಸೂಜಿಯೇ ಸರಿ. ಸಾಮಾನ್ಯ ಕ್ರಮ: 1000 ಮೈಕ್ರೋಗ್ರಾಂ ದಿನ ಬಿಟ್ಟು ದಿನ ಎರಡು ವಾರ, ಆಮೇಲೆ ವಾರಕ್ಕೊಮ್ಮೆ ಒಂದು ತಿಂಗಳು, ಆಮೇಲೆ ತಿಂಗಳಿಗೊಮ್ಮೆ. ನರದ ತೊಂದರೆ ತೀವ್ರವಿದ್ದರೆ ಮೊದಲ ಹಂತ ಉದ್ದವಾಗುತ್ತದೆ.

ಸೂಜಿ ಎಲ್ಲಿ ಚುಚ್ಚುತ್ತಾರೆ ಎಂಬುದನ್ನು ನೋಡಿಕೊಳ್ಳಿ. ಪಿರ್ರೆಯ ಮೇಲಿನ ಹೊರಮೂಲೆ ಬಿಟ್ಟು ನಡುವೆ ಅಥವಾ ಕೆಳಗೆ ಚುಚ್ಚಿದರೆ ಅಲ್ಲಿ ಹಾದುಹೋಗುವ ದಪ್ಪ ನರಕ್ಕೆ ತಾಗಿ ಪಾದ ಎತ್ತಲಾಗದೆ ಹೋಗಬಹುದು. ನರ ಸುಧಾರಿಸಲೆಂದು ಹೋಗಿ ನರ ಕೆಡಿಸಿಕೊಂಡು ಬರುವುದೆಂದರೆ ಇದೇ. ತೋಳು ಅಥವಾ ತೊಡೆಯ ಹೊರಬದಿ ಸುರಕ್ಷಿತ. ಸಿರಿಂಜು ಕಣ್ಣೆದುರಿಗೆ ಒಡೆದ ಹೊಸದಾಗಿರಲಿ. ಚುಚ್ಚುವಾಗಲೇ ಕಾಲುದ್ದಕ್ಕೂ ಮಿಂಚು ಹರಿದಂತಾದರೆ ತಕ್ಷಣ ಹೇಳಿ ಸೂಜಿ ತೆಗೆಸಿ.

"ಸುಸ್ತು ಅಂದ್ರ ಹಳದಿ ಸಲಾಯಿನ್ ಹಚ್ಚತಾರ. ಶಕ್ತಿ ಬರ್ತದಲ್ರಿ?"

ಆ ಹಳದಿ ಬಣ್ಣ ಬಾಟಲಿಗೆ ಸೇರಿಸಿದ ಬಿ ಕಾಂಪ್ಲೆಕ್ಸಿನದು. ಬಾಯಿಂದ ಉಣ್ಣಬಲ್ಲವರಿಗೆ ಅದರಿಂದ ಗುಳಿಗೆಗಿಂತ ಹೆಚ್ಚೇನೂ ಸಿಗುವುದಿಲ್ಲ; ಅರ್ಧ ಲೀಟರ್ ಶೇಕಡಾ 5ರ ಗ್ಲೂಕೋಸ್‌ನಲ್ಲಿರುವ ಸಕ್ಕರೆ 25 ಗ್ರಾಂ. ವರ್ಷಗಟ್ಟಲೆ ಕುಡಿದು, ಊಟ ಬಿಟ್ಟು ಸೊರಗಿದವರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಹಚ್ಚಿದರೆ ಇದ್ದಬದ್ದ ಬಿ1 ಖರ್ಚಾಗಿ ಕಣ್ಣು ತಿರುಗುವುದು, ಓಲಾಟ, ಗೊಂದಲ ಶುರುವಾಗಬಹುದು. ಅಂಥವರನ್ನು ಹಳ್ಳಿಯಲ್ಲಿ ಸಲಾಯಿನ್ ಹಚ್ಚಿಸಿ ಮಲಗಿಸಬೇಡಿ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

"ಊಟದ ಮೊದಲೋ ಆಮ್ಯಾಲೋ? ಬ್ಯಾರೆ ಗುಳಿಗಿ ಕೂಡ ನುಂಗಬಹುದಾ?"

ಬಿ ವಿಟಮಿನ್‌ಗಳು ಯಾವಾಗಾದರೂ ಸರಿ, ನಾಷ್ಟಾ ಆದಮೇಲೆ ನುಂಗಿದರೆ ಹೊಟ್ಟೆ ತೊಳಸುವುದಿಲ್ಲ. ಆಲ್ಫಾ ಲಿಪೋಯಿಕ್ ಆಮ್ಲ ಊಟದ ಜೊತೆ ಕಡಿಮೆ ಹೀರಲ್ಪಡುತ್ತದೆ, ಊಟಕ್ಕೆ ಅರ್ಧ ತಾಸು ಮೊದಲು ಉತ್ತಮ. ಎದೆ ಉರಿದರೆ ಮಾತ್ರ ಊಟದ ನಂತರಕ್ಕೆ ಹೊರಳಿಸಿ. ಡಿ3 ಇದ್ದರೆ ಎಣ್ಣೆ, ತುಪ್ಪ ಇರುವ ಊಟದ ಜೊತೆ. ಥೈರಾಯ್ಡ್ ಗುಳಿಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವವರು ಕಬ್ಬಿಣ, ಕ್ಯಾಲ್ಸಿಯಂ ಇರುವ ಮಲ್ಟಿವಿಟಮಿನ್‌ಗೆ ನಾಲ್ಕು ತಾಸು ಅಂತರ ಬಿಡಲೇಬೇಕು. ಕಬ್ಬಿಣ, ಕ್ಯಾಲ್ಸಿಯಂ ಒಂದಕ್ಕೊಂದು ಆಗಿಬರುವುದಿಲ್ಲ, ಚಹಾ ಕಬ್ಬಿಣವನ್ನು ತಡೆಯುತ್ತದೆ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗುವುದು ಬೇಡ.

"ಎಷ್ಟು ದಿನಕ್ಕ ಫರಕ್ ಕಾಣತೈತಿ? ಕಡಿಮೆ ಆದಮ್ಯಾಲೆ ಬಿಡಬಹುದಾ?"

ನಾಲಿಗೆ ಉರಿ, ಸುಸ್ತು ಒಂದೆರಡು ವಾರದಲ್ಲಿ ಇಳಿಯುತ್ತವೆ. ಹಿಮೋಗ್ಲೋಬಿನ್ ಸರಿಹೋಗಲು 6ರಿಂದ 8 ವಾರ. ನರ ನಿಧಾನ: ಮೂರು ತಿಂಗಳಿಗೆ ಗೊತ್ತಾಗುವಷ್ಟು, ಪೂರ್ತಿಗೆ ಆರರಿಂದ ಹನ್ನೆರಡು ತಿಂಗಳು. ಬಹಳ ಕಾಲ ಹಾಗೇ ಬಿಟ್ಟ ಕೊರತೆಯಲ್ಲಿ ಒಂದಿಷ್ಟು ಜೋಮು ಉಳಿದುಬಿಡಲೂಬಹುದು. ನಿಲ್ಲಿಸುವ ಮಾತು ಕಾರಣದ ಮೇಲೆ ನಿಂತಿದೆ. ಊಟ ಬದಲಾಗದ ಶಾಖಾಹಾರಿ ಪೂರ್ತಿ ನಿಲ್ಲಿಸಿದರೆ ಕೆಲವು ತಿಂಗಳು, ವರ್ಷಗಳಲ್ಲಿ ಮತ್ತೆ ಅಲ್ಲಿಗೇ ಬರುತ್ತಾರೆ. ವಾರಕ್ಕೊಂದೆರಡು ಗುಳಿಗೆಯಂತೆ ಮುಂದುವರಿಸುವ ಬಗ್ಗೆ ವೈದ್ಯರನ್ನು ಕೇಳಿ. ಮೂರು ತಿಂಗಳು ಸರಿಯಾಗಿ ತೆಗೆದುಕೊಂಡೂ ಎಳ್ಳಷ್ಟೂ ಫರಕ್ ಇಲ್ಲದಿದ್ದರೆ ಗುಳಿಗೆ ಬದಲಿಸುವ ಬದಲು ಕಾರಣ ಮತ್ತೆ ಹುಡುಕಿಸಿ.

"ಡಿ3 60,000 ಅಂತ ಬರದಾರ. ಅದೂ ದಿನಾ ತಗೊಳ್ಳೂದ?"

ಅಲ್ಲ, ಅಲ್ಲ. 60,000 ಯೂನಿಟ್‌ನದು ಸಾಮಾನ್ಯವಾಗಿ ವಾರಕ್ಕೊಂದು, ಎಂಟು ವಾರ, ಆಮೇಲೆ ತಿಂಗಳಿಗೊಂದು. ಬಿ12 ಗುಳಿಗೆ ಜೊತೆ ಒಂದೇ ಚೀಟಿಯಲ್ಲಿ ಬರೆದಿರುವುದರಿಂದ ಇದನ್ನೂ ದಿನಾ ನುಂಗುವವರಿದ್ದಾರೆ. ತಿಂಗಳುಗಟ್ಟಲೆ ಹಾಗಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿ ಮೂತ್ರ, ಕಿಡ್ನಿಗೆ ಪೆಟ್ಟು. ಕ್ಯಾಲೆಂಡರಿನಲ್ಲಿ ವಾರದ ಒಂದು ದಿನ ಗೊತ್ತುಮಾಡಿ ಗುರುತು ಹಾಕಿ.

## ಬೇರೆ ಕಾಯಿಲೆ, ಬೇರೆ ಔಷಧ ಇದ್ದಾಗ

"ಹತ್ತು ವರ್ಷದಿಂದ ಶುಗರ್ ಐತಿ, ಅಂಗಾಲು ಉರಿತಾವ. ಬಿ12 ತಗೊಂಡ್ರ ಕಡಿಮಿ ಆಗ್ತೈತೇನು?"

ಉರಿಗೆ ಎರಡು ಕಾರಣ ಒಟ್ಟಿಗೆ ಇರಬಹುದು. ಸಕ್ಕರೆಯೇ ನರ ಕೆಡಿಸುತ್ತದೆ. ಜೊತೆಗೆ ಸಕ್ಕರೆ ಕಾಯಿಲೆಯ ಗುಳಿಗೆ ಮೆಟ್‌ಫಾರ್ಮಿನ್ ಬಹುಕಾಲ, ಹೆಚ್ಚಿನ ಡೋಸ್‌ನಲ್ಲಿ ತೆಗೆದುಕೊಂಡರೆ ಕರುಳು ಬಿ12 ಹೀರುವುದು ತಗ್ಗುತ್ತದೆ; ಗ್ಯಾಸಿಗೆಂದು ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ನುಂಗುವವರಲ್ಲಿ ಇನ್ನಷ್ಟು. ಹಾಗೆಂದು ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ಬಿ12 ನೋಡಿಸಿ, ಕಡಿಮೆಯಿದ್ದರೆ ತುಂಬಿಸಿ, ವರ್ಷಕ್ಕೊಮ್ಮೆ ಮತ್ತೆ ನೋಡಿಸಿ. ಬಿ12 ಸರಿಯಿದ್ದು ಉರಿ ಸಕ್ಕರೆಯಿಂದಲೇ ಬಂದದ್ದಾದರೆ ಬಿ12 ಗುಳಿಗೆಯಿಂದ ಹೆಚ್ಚು ಆಸೆಯಿಡುವಂತಿಲ್ಲ. ಆಲ್ಫಾ ಲಿಪೋಯಿಕ್ ಆಮ್ಲದ ಪ್ರಯೋಗಗಳು ನಡೆದಿರುವುದು ಬಹುತೇಕ ದಿನಕ್ಕೆ 600 ಮಿ.ಗ್ರಾಂ ಡೋಸ್‌ನಲ್ಲಿ, ನಿಮ್ಮ ಗುಳಿಗೆಯಲ್ಲಿರುವುದು ಬಹುಶಃ 100. ಬೆನ್‌ಫೋಟಿಯಮಿನ್‌ಗೆ ಆಧಾರ ಇನ್ನೂ ತೆಳು.

ಪಾದದ ಆರೈಕೆಗೆ ಗುಳಿಗೆಗಿಂತ ಹೆಚ್ಚು ಬೆಲೆ ಕೊಡಿ. ಮರಗಟ್ಟಿದ ಪಾದಕ್ಕೆ ಬಿಸಿ ತಿಳಿಯದು: ಉರಿಗೆಂದು ಬಿಸಿನೀರಲ್ಲಿ ಕಾಲಿಟ್ಟು ಬೊಬ್ಬೆ ಎಬ್ಬಿಸಿಕೊಳ್ಳುತ್ತಾರೆ, ಹರಕೆಗೆಂದು ಬರಿಗಾಲಲ್ಲಿ ಕಾದ ನೆಲದ ಮೇಲೆ ನಡೆದು ಅಂಗಾಲು ಸುಟ್ಟುಕೊಳ್ಳುತ್ತಾರೆ. ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು, ಬೆರಳ ಸಂದು ನೋಡಿಕೊಳ್ಳಿ.

"ಈ ನರದ ಗುಳಿಗಿ ತಗೊಂಡ್ರ ನಿದ್ದಿ ಎಳಿತದ, ತಲಿ ತಿರಗತದ. ವಿಟಮಿನ್‌ದಿಂದ ಹಿಂಗ ಆಗ್ತದೇನು?"

ವಿಟಮಿನ್‌ನಿಂದ ಅಲ್ಲ. ಸ್ಟ್ರಿಪ್ ಮೇಲೆ ಪ್ರಿಗಾಬಾಲಿನ್ 75 ಮಿ.ಗ್ರಾಂ, ಗ್ಯಾಬಾಪೆಂಟಿನ್, ನಾರ್‌ಟ್ರಿಪ್ಟಿಲಿನ್ 10 ಮಿ.ಗ್ರಾಂ ಇವುಗಳಲ್ಲಿ ಯಾವುದಾದರೂ ಇರಬೇಕು. ಉರಿ, ಸೆಳೆತಕ್ಕೆ ಇವು ನಿಜಕ್ಕೂ ಒಳ್ಳೆಯ ಔಷಧ, ಆದರೆ ವೈದ್ಯರು ಅಳೆದು ಕೊಡಬೇಕಾದವು. ವಯಸ್ಸಾದವರು ರಾತ್ರಿ ಮೂತ್ರಕ್ಕೆದ್ದು ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವಿದೆ. ಪ್ರಿಗಾಬಾಲಿನ್‌ನಿಂದ ಪಾದ ಊದಬಹುದು, ಕಿಡ್ನಿ ಸೋತವರಿಗೆ ಡೋಸ್ ಇಳಿಸಬೇಕು. ನಾರ್‌ಟ್ರಿಪ್ಟಿಲಿನ್ ಪ್ರಾಸ್ಟೇಟ್ ತೊಂದರೆ ಇರುವವರಿಗೆ ಮೂತ್ರ ಕಟ್ಟಿಸಬಹುದು. ಕುಡಿತದ ಜೊತೆ, ಟ್ರ್ಯಾಕ್ಟರ್ ಓಡಿಸುವಾಗ ಬೇಡವೇ ಬೇಡ. ತೊಂದರೆ ಎಂದು ಒಮ್ಮೆಲೇ ನಿಲ್ಲಿಸಿದರೂ ನಿದ್ದೆಗೇಡು, ಚಡಪಡಿಕೆ ಬರುತ್ತದೆ. ವೈದ್ಯರ ಮಾತಿನಂತೆ ಹಂತಹಂತವಾಗಿ ಇಳಿಸಬೇಕು.

"ಮೂರು ತರದ ವಿಟಮಿನ್ ತಗೋತೀನಿ, ಆದ್ರೂ ಉರಿ ಹೆಚ್ಚ ಆಗಾಕತ್ತೈತಿ. ಯಾಕ?"

ಮೂರರಲ್ಲೂ ಇರುವ ಬಿ6 ಕೂಡಿಸಿ ನೋಡಿ. ಬಿ6 ಹೆಚ್ಚಾದರೆ ಅದೇ ನರ ಕೆಡಿಸುತ್ತದೆ, ಲಕ್ಷಣವೂ ಅದೇ: ಪಾದದಲ್ಲಿ ಉರಿ, ಮರಗಟ್ಟುವಿಕೆ, ಓಲಾಟ. ದಿನದ ಅಗತ್ಯ 2 ಮಿ.ಗ್ರಾಂ ಆಸುಪಾಸು. ಕೆಲವು ಮಿಶ್ರಣಗಳಲ್ಲಿ 3 ಇದ್ದರೆ ಕೆಲವದರಲ್ಲಿ 50, 100 ಇರುತ್ತದೆ. ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ 2023ರಲ್ಲಿ ದೀರ್ಘಕಾಲದ ಮಿತಿಯನ್ನು ದಿನಕ್ಕೆ 12 ಮಿ.ಗ್ರಾಂಗೆ ಇಳಿಸಿತು, ಅಮೆರಿಕದ ಹಳೆಯ ಮಿತಿ 100. ಇಷ್ಟು ಅಂತರವಿರುವಾಗ ಕಡಿಮೆಯ ಕಡೆ ನಿಲ್ಲುವುದು ಲೇಸು. ಹೆಚ್ಚಿನದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ತಿಂಗಳುಗಳಲ್ಲಿ ಸುಧಾರಿಸುತ್ತದೆ.

"ಟಿಬಿ ಗುಳಿಗಿ ಚಾಲೂ ಅದಾವ, ಕಾಲು ಜುಮ್ ಅಂತಾವ."

ಟಿಬಿ ಔಷಧದಲ್ಲಿರುವ ಐಸೋನಿಯಾಜಿಡ್ ದೇಹದ ಬಿ6 ಖಾಲಿ ಮಾಡುತ್ತದೆ. ತಡೆಯಲು ದಿನಕ್ಕೆ 10 ಮಿ.ಗ್ರಾಂ ಪೈರಿಡಾಕ್ಸಿನ್ ಕೊಡುತ್ತಾರೆ, ಲಕ್ಷಣ ಬಂದಮೇಲೆ ಡೋಸ್ ಏರಿಸುತ್ತಾರೆ. ಇಲ್ಲಿ ಬಿ6 ಬೇಕೇ ಬೇಕು. ಟಿಬಿ ಗುಳಿಗೆಯನ್ನು ಮಾತ್ರ ನೀವಾಗಿ ಬಿಡಬೇಡಿ; ಆರೋಗ್ಯ ಕೇಂದ್ರದ ಟಿಬಿ ಸಿಬ್ಬಂದಿಗೆ ಹೇಳಿ.

"ಬಸುರಿಗೆ, ಬಾಣಂತಿಗೆ ಈ ಗುಳಿಗಿ ಕೊಡಬಹುದೇನ್ರಿ?"

ಬಿ12 ಕೊಡಬಹುದು, ಶಾಖಾಹಾರಿ ತಾಯಿಗೆ ಕೊಡುವುದೇ ಒಳ್ಳೆಯದು. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ. ಅಂಥ ಮಗು ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಮಂಕಾಗಿ, ನಗು ಮರೆತು, ಕೂರುತ್ತಿದ್ದದ್ದು ಕೂರದೆ, ಗೆಣ್ಣುಗಳ ಚರ್ಮ ಕಪ್ಪಾಗಿ, ಕೈ ತಲೆ ನಡುಗತೊಡಗಬಹುದು. ಬೇಗ ಗುರುತಿಸಿದರೆ ಬಿ12ನಿಂದ ಚೇತರಿಸುತ್ತದೆ. ಬಾಣಂತಿಯ ಪಥ್ಯದ ಹೆಸರಲ್ಲಿ ಹಾಲು, ಮೊಸರು, ಕಾಳು ತಪ್ಪಿಸಬೇಡಿ. ಸರಕಾರದ ಕೆಂಪು ಗುಳಿಗೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ, ಬಿ12 ಇಲ್ಲ. ಬಸುರಿನಲ್ಲಿ ಆಲ್ಫಾ ಲಿಪೋಯಿಕ್ ಆಮ್ಲ, ಪ್ರಿಗಾಬಾಲಿನ್ ಬೆರೆತ ಗುಳಿಗೆ ವೈದ್ಯರು ಹೇಳದೆ ಬೇಡ. ವಿಟಮಿನ್ ಎ ದಿನಕ್ಕೆ 10,000 ಯೂನಿಟ್ ದಾಟಬಾರದು.

"ಬರೇ ಫೋಲಿಕ್ ಆಸಿಡ್ 5 ಮಿಲಿಗ್ರಾಂ ತಗೊಂಡ್ರ ರಕ್ತ ಆಗ್ತದಲ್ಲ, ಬಿ12 ಯಾಕ ಬೇಕು?"

ಅಪಾಯ ಅಲ್ಲೇ ಇದೆ. ಬಿ12 ಕೊರತೆಯ ರಕ್ತಹೀನತೆಯನ್ನು ಫೋಲಿಕ್ ಆಮ್ಲ ಸರಿಮಾಡಿಬಿಡುತ್ತದೆ, ನರ ಕೆಡುವುದನ್ನು ನಿಲ್ಲಿಸುವುದಿಲ್ಲ. ವರದಿ ಚೆನ್ನಾಗಿ ಕಾಣುವಾಗಲೇ ಬೆನ್ನುಹುರಿ ಸವೆಯುತ್ತಿರುತ್ತದೆ. ಬಿ12 ಮೊದಲು, ಅಥವಾ ಎರಡೂ ಜೊತೆಗೆ. ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುವವರು ಹೆಚ್ಚಿನ ಫೋಲಿಕ್ ಆಮ್ಲ ಸೇರಿಸುವ ಮುನ್ನ ಹೇಳಲೇಬೇಕು. ಅದು ಫೆನಿಟಾಯಿನ್ ಮಟ್ಟ ಇಳಿಸಿ ಫಿಟ್ಸ್ ಮರಳಿಸಬಹುದು.

"ಮಗ್ಗದಾಗ ಕುಂತು ಕೆಲಸ ಮಾಡ್ತೀವಿ, ಕೈ ಜೋಮು ಹಿಡಿತಾವ. ಗುಳಿಗಿ ಎಷ್ಟು ದಿನ ತಗೋಬೇಕು?"

ಇಳಕಲ್ಲ, ಗುಳೇದಗುಡ್ಡ, ರಬಕವಿ ಬನಹಟ್ಟಿ ಕಡೆಯ ನೇಕಾರರಿಗೆ ಗುಳಿಗೆಗಿಂತ ಮೊದಲು ಬೇಕಾದದ್ದು ಮಣಿಕಟ್ಟಿಗೆ ವಿಶ್ರಾಂತಿ. ಒತ್ತಿಕೊಂಡ ನರಕ್ಕೆ ವಿಟಮಿನ್ ಸುರಿದರೂ ಒತ್ತಡ ಇಳಿಯದು. ರಾತ್ರಿ ಮಣಿಕಟ್ಟು ನೇರ ನಿಲ್ಲುವಂತೆ ಪಟ್ಟಿ (ಸ್ಪ್ಲಿಂಟ್) ಕಟ್ಟಿ ಆರು ವಾರ ಮಲಗಿ. ಹೆಬ್ಬೆರಳ ಬುಡದ ಮಾಂಸ ಕರಗುತ್ತಿದ್ದರೆ ತಡಮಾಡದೆ ನರವಾಹಕ ಪರೀಕ್ಷೆ ಮಾಡಿಸಿ, ಶಸ್ತ್ರಚಿಕಿತ್ಸೆ ಬೇಕಾದೀತು. ಹಾಗೆಯೇ ಉಳ್ಳಾಗಡ್ಡಿ ಕೀಳಲು, ಕಳೆ ತೆಗೆಯಲು ಇಡೀ ದಿನ ತುದಿಗಾಲಲ್ಲಿ ಕುಕ್ಕರಿಸಿದವರಿಗೆ ಮೊಣಕಾಲ ಹೊರಬದಿಯ ನರ ಒತ್ತಿ ಪಾದ ಜೋಲುವುದುಂಟು. ಅರ್ಧ ತಾಸಿಗೊಮ್ಮೆ ಎದ್ದು ನಿಲ್ಲಬೇಕು, ಅಥವಾ ಗಿಡ್ಡ ಮಣೆ ಹಾಕಿಕೊಳ್ಳಬೇಕು.

"ಬೋರಿನ ನೀರಿಗೂ ಕಾಲು ಹಿಡಿಯೂದಕ್ಕೂ ಸಂಬಂಧ ಐತೇನು?"

ಇರಬಹುದು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಹೆಚ್ಚಿನದನ್ನು ದಶಕಗಟ್ಟಲೆ ಕುಡಿದರೆ ಬೆನ್ನುಮೂಳೆ ಗಟ್ಟಿಯಾಗಿ ಬೆಳೆದು ನರ ಒತ್ತುತ್ತದೆ. ಕುತ್ತಿಗೆ, ಬೆನ್ನು ಬಗ್ಗದಿದ್ದರೆ, ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಇದ್ದರೆ ನೀರು ಪರೀಕ್ಷೆ ಮಾಡಿಸಿ. ಇದಕ್ಕೆ ವಿಟಮಿನ್ ಮದ್ದಲ್ಲ, ನೀರು ಬದಲಾಗಬೇಕು.

"ಒಂದರ ಮ್ಯಾಲೆ ಎಫ್‌ಎಸ್‌ಎಸ್‌ಎಐ ಅಂತೈತಿ, ಇನ್ನೊಂದಕ್ಕ ಕೆಂಪು ಗೆರಿ. ಯಾವುದು ತಗೋಬೇಕು?"

ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಸಂಸ್ಥೆಯ 14 ಅಂಕಿಯ ಲೈಸೆನ್ಸ್ ಇದ್ದರೆ ಅದು ಆಹಾರ ಕಾನೂನಿನಡಿ ಬರುವ ಸಪ್ಲಿಮೆಂಟ್. ಊಟದ ಕೊರತೆ ತುಂಬಲು ಅಷ್ಟೇ, ಔಷಧದ ಉಪಯೋಗಕ್ಕಲ್ಲ ಎಂದು ಅದರ ಮೇಲೇ ಬರೆದಿರುತ್ತದೆ. ಕೆಂಪು ಗೆರೆ, ಔಷಧ ತಯಾರಿಕಾ ಲೈಸೆನ್ಸ್ ಇದ್ದರೆ ಔಷಧ. ಪರೀಕ್ಷೆಯಲ್ಲಿ ಕಂಡ ಕೊರತೆಗೆ ಔಷಧವನ್ನೇ ಕೇಳಿ, ಆದಷ್ಟು ಬೇಕಾದ ಒಂದೇ ವಿಟಮಿನ್ ಇರುವುದನ್ನು. ಹದಿನೈದು ಹೆಸರಿರುವ ಗುಳಿಗೆಯಲ್ಲಿ ನಿಮಗೆ ಬೇಕಾದದ್ದು ಬಹಳ ಸಲ ಚಿಟಿಕೆಯಷ್ಟೇ ಇರುತ್ತದೆ, ಬೆಲೆ ಮಾತ್ರ ಹದಿನೈದಕ್ಕೂ. ಜನೌಷಧಿ ಕೇಂದ್ರದಲ್ಲಿ ಇದೇ ಅಂಶದ ಗುಳಿಗೆ ಅಗ್ಗಕ್ಕೆ ಸಿಗುತ್ತದೆ. ಬ್ರ್ಯಾಂಡ್ ಹೆಸರಲ್ಲ, ಅಂಶದ ಹೆಸರು, ಪ್ರಮಾಣ ಬರೆದುಕೊಂಡು ಹೋಗಿ.

"ಈಗ ಬಿ12 2000 ದಾಟೈತಿ ಅಂತ ರಿಪೋರ್ಟ್ ಬಂತು. ಹೆಚ್ಚಾತಂದ್ರ ತ್ರಾಸ ಏನ್ರಿ?"

ಗುಳಿಗೆ, ಸೂಜಿ ನಡೆದಿರುವಾಗ ಹೀಗೆ ಬರುವುದು ಸಹಜ. ಬಿ12 ವಿಷವಾಗುವುದಿಲ್ಲ, ಹೆಚ್ಚಿನದು ಮೂತ್ರದಲ್ಲಿ ಹೋಗುತ್ತದೆ. ಕೆಲವರಿಗೆ ಮೊಡವೆ ಏಳುತ್ತವೆ, ಅಷ್ಟೇ. ಚಿಕಿತ್ಸೆಯ ನಡುವೆ ಪದೇ ಪದೇ ಬಿ12 ಅಳೆಸುವುದು ದುಡ್ಡಿನ ದಂಡ. ಲಕ್ಷಣ, ಹಿಮೋಗ್ಲೋಬಿನ್ ನೋಡಿದರೆ ಸಾಕು. ಆದರೆ ಯಾವ ಗುಳಿಗೆಯನ್ನೂ, ಸೂಜಿಯನ್ನೂ ತೆಗೆದುಕೊಳ್ಳದವರಲ್ಲಿ ಬಿ12 ಇಷ್ಟು ಏರಿದ್ದರೆ ಯಕೃತ್ತಿನ ಅಥವಾ ರಕ್ತದ ಕಾಯಿಲೆಯ ಸುಳಿವಾಗಿರಬಹುದು. ಆ ವರದಿಯನ್ನು ಮನೆಯಲ್ಲಿಟ್ಟುಕೊಳ್ಳದೆ ವೈದ್ಯರಿಗೆ ತೋರಿಸಿ, ಯಕೃತ್ತಿನ ಪರೀಕ್ಷೆ ಮತ್ತು ರಕ್ತದ ಪೂರ್ಣ ಎಣಿಕೆ ಮಾಡಿಸಿ.